ಎನ್ವಿರಾನ್ಮೆಂಟಲ್ ಗವರ್ನೆನ್ಸ್‌ನಲ್ಲಿ ಮಾಸ್ಟರ್ಸ್: ಬೆಂಗಳೂರಲ್ಲೇ ಓದೋದಾ, ಜರ್ಮನಿಗೆ ಹೋಗೋದಾ?

ಸಿವಿಲ್_ಹುಡುಗಿ_ಯಲಹಂಕ

ಎಲ್ರಿಗೂ ನಮಸ್ಕಾರ. ಸಿವಿಲ್ ಬಿಇ ಮುಗ್ಸಿ ಒಂದು ಸಣ್ಣ ಕನ್ಸಲ್ಟೆನ್ಸೀಲಿ ಕೆಲಸ ಮಾಡ್ತಿದೀನಿ, ಮೂರು ವರ್ಷ ಆಗ್ತಾ ಬಂತು. ಅಪಾರ್ಟ್‌ಮೆಂಟ್‌ಗಳಿಗೆ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಡಿಸೈನು, ಡ್ರಾಯಿಂಗು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಾಕೋ ಕನ್ಸೆಂಟ್ ಅರ್ಜಿ, ಇದೇ ನಮ್ ಹೊಟ್ಟೆಪಾಡು.

ಡಿಸೈನ್ ಎಲ್ಲ ಸರಿಯಾಗೇ ಮಾಡ್ತೀವಿ, ಆದ್ರೆ ಹ್ಯಾಂಡೋವರ್ ಆಗಿ ಸ್ವಲ್ಪ ತಿಂಗಳು ಬಿಟ್ಟು ಸೈಟಿಗೆ ಹೋದ್ರೆ ಗಾಳಿ ಊದೋ ಬ್ಲೋಯರ್ ಆಫ್ ಆಗಿರತ್ತೆ, ಏರಿಯೇಷನ್ ಟ್ಯಾಂಕಲ್ಲಿ ನೀರು ಕಪ್ಪಗೆ ನಿಂತು ಕೊಳೆತ ಮೊಟ್ಟೆ ವಾಸನೆ ಹೊಡೀತಿರತ್ತೆ. ಆಪರೇಟರ್‌ನ ಕೇಳಿದ್ರೆ "ಮೇಡಂ ಕರೆಂಟ್ ಬಿಲ್ ಜಾಸ್ತಿ ಬರತ್ತಂತೆ, ಸೌಂಡ್ ಬೇರೆ ಅಂತೆ, ರಾತ್ರಿ ಆಫ್ ಮಾಡು ಅಂತ ಅಸೋಸಿಯೇಷನ್‌ನೋರೇ ಹೇಳಿದಾರೆ" ಅಂತಾನೆ. ಲಾಗ್‌ಬುಕ್ ತೆಗೆದ್ರೆ ಇಡೀ ತಿಂಗಳ ರೀಡಿಂಗು ಒಂದೇ ಪೆನ್ನಲ್ಲಿ, ಒಂದೇ ಕೂತ್ಕೆಲಿ ಬರ್ದಂಗಿರತ್ತೆ. ಬೈಪಾಸ್ ವಾಲ್ವ್ ಓಪನ್, ನೀರು ಸೀದಾ ರಾಜಕಾಲುವೆಗೆ.

ಇದನ್ನ ನೋಡೀ ನೋಡೀ ಎಂಟೆಕ್ ಮಾಡಿ ಇನ್ನೂ ಒಳ್ಳೆ ಎಸ್‌ಟಿಪಿ ಡಿಸೈನ್ ಮಾಡೋದ್ರಲ್ಲಿ ಏನ್ ಪ್ರಯೋಜನ ಅನ್ನಿಸ್ತಿದೆ. ಗೂಗಲ್ ಮಾಡ್ತಾ ಎನ್ವಿರಾನ್ಮೆಂಟಲ್ ಗವರ್ನೆನ್ಸ್ ಅಂತ ಒಂದು ಸಬ್ಜೆಕ್ಟೇ ಇದೆ ಅಂತ ಗೊತ್ತಾಯ್ತು, ಜರ್ಮನಿಯ ಫ್ರೈಬುರ್ಗ್ ಯೂನಿವರ್ಸಿಟೀಲಿ ಅದೇ ಹೆಸ್ರಲ್ಲಿ ಎಂಎಸ್ಸಿ ಇದೆ. ಇದು ಸೈನ್ಸಾ, ಲಾ ಥರಾನಾ, ಪೊಲಿಟಿಕಲ್ ಸೈನ್ಸಾ? ನನ್ ಥರ ಡ್ರಾಯಿಂಗ್ ಮಾಡ್ಕೊಂಡು ಇದ್ದೋರಿಗೆ ಆಗತ್ತಾ? ಬೆಂಗಳೂರಲ್ಲೇ ಏನಾದ್ರೂ ಇದ್ಯಾ? ಓದಿದ್ಮೇಲೆ ಕೆಲ್ಸ ಯಾರ್ ಕೊಡ್ತಾರೆ? ಅಪ್ಪ ಅಂತೂ "ಸುಮ್ನೆ ಕೆಪಿಎಸ್‌ಸಿ ಬರಿ" ಅಂತ ಕೂತಿದಾರೆ.

---

ಪಿಎಚ್‌ಡಿ_ಗೋಳು

ನಿಮ್ ಲಾಗ್‌ಬುಕ್ ಕಥೆ ಇದ್ಯಲ್ಲ, ಅದೇ ಈ ಸಬ್ಜೆಕ್ಟು. ನೀರಲ್ಲಿ ಬಿಓಡಿ (ಕೊಳಕಿನ ಅಳತೆ) ಎಷ್ಟಿದೆ ಅಂತ ಅಳೆಯೋದು ಎನ್ವಿರಾನ್ಮೆಂಟಲ್ ಸೈನ್ಸ್ ಆದ್ರೆ, ಅಳೆದ ಮೇಲೂ ಯಾಕೆ ಯಾರೂ ಏನೂ ಮಾಡಲ್ಲ, ಮಾಡಬೇಕಾದೋರು ಯಾರು, ಅವ್ರನ್ನ ಕೇಳೋ ಹಕ್ಕು ಯಾರಿಗಿದೆ ಅಂತ ನೋಡೋದು ಗವರ್ನೆನ್ಸು. ಸ್ವಲ್ಪ ಕಾನೂನು, ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಸಮಾಜಶಾಸ್ತ್ರ, ಜೊತೆಗೆ ಬೇಕಾದಷ್ಟು ಸರ್ಕಾರಿ ಕಡತ.

ಬೆಂಗಳೂರಿನ ಯಾವುದಾದ್ರೂ ಒಂದು ಕೆರೆ ತಗೊಳ್ಳಿ. ಪಹಣೀಲಿ ಅದು ಸರ್ಕಾರಿ ಕೆರೆ, ಅಂದ್ರೆ ಜಾಗ ಕಂದಾಯ ಇಲಾಖೇದು, ಒತ್ತುವರಿ ಸರ್ವೆ ತಹಸೀಲ್ದಾರ್ ಮಾಡ್ಬೇಕು. ನಿರ್ವಹಣೆ ಕೆಲವು ಕಡೆ ಪಾಲಿಕೇದು, ಕೆಲವು ಕಡೆ ಬಿಡಿಎದು. ಕೆರೆಗೆ ಬರೋ ಒಳಚರಂಡಿ ಜಲಮಂಡಳೀದು, ರಾಜಕಾಲುವೆ ಪಾಲಿಕೇದು, ನೀರಿನ ಸ್ಯಾಂಪಲ್ ತೆಗೆಯೋದು ಮಾಲಿನ್ಯ ನಿಯಂತ್ರಣ ಮಂಡಳಿ, ಮೀನಿನ ವಿಷಯ ಮೀನುಗಾರಿಕೆ ಇಲಾಖೆ. ಕೆರೆ ನೋಡ್ಕೊಳ್ಳೋಕೇ ಅಂತ 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಮಾಡಿದ್ರು, 2014ರಲ್ಲಿ ಕೆರೆ ಸಂರಕ್ಷಣೆಗೆ ಬೇರೆ ಕಾಯ್ದೆ ತಂದು ಇನ್ನೊಂದು ಪ್ರಾಧಿಕಾರ ಮಾಡಿ ಹಳೇದನ್ನ ಆಮೇಲೆ ಮುಚ್ಚಿದ್ರು. ಈಗ 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ಒಂದ್ ಕೆರೆ ಬಗ್ಗೆ ಆರ್‌ಟಿಐ ಹಾಕಿ ನೋಡಿ, ಸೆಕ್ಷನ್ 6(3) ಅಡಿ "ಇದು ನಮಗೆ ಸಂಬಂಧಿಸಿದ್ದಲ್ಲ" ಅಂತ ಐದು ದಿನದೊಳಗೆ ವರ್ಗಾಯಿಸಬಹುದು, ವರ್ಗಾಯಿಸಿದೋರ ಹತ್ರಾನೂ ಅದೇ ಉತ್ತರ. ನನ್ನ ಒಂದು ಅರ್ಜಿ ಹೀಗೇ ಊರೆಲ್ಲ ಸುತ್ತಿ ಮೊದಲ ಆಫೀಸಿಗೇ ವಾಪಸ್ ಬಂತು. ಸಿಟ್ಟು ಬಂದಿದ್ದು ನಿಜ, ಆದ್ರೆ ಆ ಕವರಿಂಗ್ ಲೆಟರ್‌ಗಳೇ ನನ್ ಥೀಸಿಸ್‌ನ ಎರಡನೇ ಚಾಪ್ಟರ್‌ಗೆ ಒಳ್ಳೆ ಡೇಟಾ ಆಯ್ತು.

ಥಿಯರಿ ಕಡೆ ಬಂದ್ರೆ ಮೊದಲ ಸೆಮಿಸ್ಟರಲ್ಲೇ ಗ್ಯಾರೆಟ್ ಹಾರ್ಡಿನ್ ಅನ್ನೋ ಪರಿಸರ ವಿಜ್ಞಾನಿ ಬರ್ತಾನೆ, 1968ರಲ್ಲಿ ಬರೆದಿದ್ದು, ಎಲ್ಲರ ಸ್ವತ್ತು ಅಂದ್ರೆ ಎಲ್ರೂ ಸೇರಿ ಹಾಳು ಮಾಡ್ತಾರೆ ಅನ್ನೋ ವಾದ. ಅದಕ್ಕೆ ಉತ್ತರ ಕೊಟ್ಟೋರು ಎಲಿನಾರ್ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಜನ ತಾವೇ ನಿಯಮ ಮಾಡ್ಕೊಂಡು, ತಾವೇ ಕಾವಲು ಕಾದು, ತಪ್ಪಿದೋರಿಗೆ ತಾವೇ ದಂಡ ಹಾಕಿ ನೂರಾರು ವರ್ಷ ಕಾಡು, ನೀರು ಉಳಿಸ್ಕೊಂಡಿರೋದನ್ನ ಊರೂರಿಂದ ಉದಾಹರಣೆ ತಂದು ತೋರಿಸಿದ್ರು. ನಮಗೆ ಇದು ಹೊಸದೇನಲ್ಲ. ನಮ್ಮ ಕಡೆ ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿರ್ಧಾರ ಮಾಡ್ತಿದ್ದ ನೀರುಗಂಟಿಗೆ ಅಚ್ಚುಕಟ್ಟಿನ ರೈತರು ಸುಗ್ಗೀಲಿ ಕಾಳು ಅಳೆದು ಕೊಡ್ತಿದ್ರು. ಆದ್ರೆ ಇಲ್ಲೊಂದು ತಕರಾರಿದೆ, ಆ ವ್ಯವಸ್ಥೇಲಿ ಜಾತಿ ಲೆಕ್ಕಾಚಾರ ಎಷ್ಟಿತ್ತು, ತೂಬು ಎತ್ತೋನಿಗೆ ಸ್ವಂತ ಗದ್ದೆ ಇತ್ತಾ ಅಂತ ಕೇಳದೇ "ಹಿಂದಿನ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು" ಅಂತ ಬರೆದ್ರೆ ಒಳ್ಳೆ ಗೈಡ್ ಕೆಂಪು ಇಂಕಲ್ಲಿ ಗೆರೆ ಎಳೀತಾರೆ.

ಬೆಂಗಳೂರಲ್ಲಿ ಅದೇ ಹೆಸರಿನ ಡಿಗ್ರಿ ಹುಡುಕಬೇಡಿ, ಬೇರೆ ಬೇರೆ ಬಾಗಿಲಿಂದ ಒಳಗೆ ಹೋಗ್ಬೇಕು. ನಾಗರಭಾವಿ ಲಾ ಸ್ಕೂಲಲ್ಲಿ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಇದೆ, ಎರಡು ವರ್ಷ, ಎನ್‌ಎಲ್‌ಸ್ಯಾಟ್ ಅನ್ನೋ ಅವರ ಪ್ರವೇಶ ಪರೀಕ್ಷೆ ಬರೀಬೇಕು, ಲಾ ಓದಿರಬೇಕು ಅಂತಿಲ್ಲ. ಸರ್ಜಾಪುರದ ಕಡೆ ಅಜೀಂ ಪ್ರೇಮ್‌ಜಿ ಯೂನಿವರ್ಸಿಟೀಲಿ ಎಂಎ ಡೆವಲಪ್‌ಮೆಂಟ್, ಬೆಂಗಳೂರಿನ ಕೆರೆ, ಮರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿರೋ ಹರಿಣಿ ನಾಗೇಂದ್ರ ಅಲ್ಲೇ ಇರೋದು. ನಾಗರಭಾವೀಲೇ ಐಸೆಕ್ ಅನ್ನೋ ಸಮಾಜ-ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಇದೆ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಶುರು ಮಾಡಿದ್ದು, ಪರಿಸರ ಅರ್ಥಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ಸೆಂಟರ್ರೇ ಇದೆ, ಆದ್ರೆ ಅದು ಪಿಎಚ್‌ಡಿ ಮಾಡೋರಿಗೆ. ನಿಮ್ ಯಲಹಂಕದಿಂದ ಹತ್ರ ಅಂದ್ರೆ ಜಕ್ಕೂರು ಪಕ್ಕದ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆ, ಅಲ್ಲೂ ಪಿಎಚ್‌ಡಿ. ಐಐಎಸ್‌ಸಿ ಪರಿಸರ ವಿಜ್ಞಾನ ಕೇಂದ್ರ ಒಳ್ಳೇದು, ಆದ್ರೆ ಅದು ಪಕ್ಕಾ ಇಕಾಲಜಿ, ನಿಮ್ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕೋದು ಕಷ್ಟ.

---

ರಿಟೈರ್ಡ್_ಎಂಜಿನಿಯರ್_ವಿಜಯನಗರ

ನೋಡಮ್ಮ, ನಾನು ಸರ್ಕಾರಿ ನೌಕರೀಲಿ ನೀರು ಸರಬರಾಜು, ಒಳಚರಂಡಿ ಇದ್ರಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋನು. ಮೇಲಿನವರು ಚೆನ್ನಾಗಿ ಬರೆದಿದಾರೆ, ಒಪ್ತೀನಿ. ಆದ್ರೆ ಅನ್ನದ ವಿಷಯ ಯಾರೂ ಹೇಳ್ತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಪರಿಸರ ಅಧಿಕಾರಿ ಹುದ್ದೆಗೆ ಕರೆದಾಗ ನೋಟಿಫಿಕೇಷನ್ ತೆಗೆದು ನೋಡು, ಕೇಳೋದು ಎಂಜಿನಿಯರಿಂಗು. ನಿನ್ನ ಬಿಇ ಸಾಕು. ಗವರ್ನೆನ್ಸ್ ಡಿಗ್ರಿ ತಗೊಂಡು ಹೋದ್ರೆ ಅಲ್ಲಿರೋ ಕಾಲಮ್ಮಿಗೇ ಅದು ಹೊಂದಲ್ಲ. ನಿಮ್ಮಪ್ಪ ಹೇಳೋದ್ರಲ್ಲಿ ಅರ್ಥ ಇದೆ.

ಇನ್ನೊಂದು. ಎಲ್ಲದಕ್ಕೂ ಇಲಾಖೆ ಇಲಾಖೆ ಜಗಳ ಅಂತ ಬರೆದ್ರೆ ಅರ್ಧ ಸತ್ಯ. ಕೆಸಿ ವ್ಯಾಲಿ ತಗೋ. ಬೆಂಗಳೂರಿನ ಕೊಳಚೆ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಕೋಲಾರದ ಕಡೆಗೆ, 126 ಕೆರೆ ತುಂಬಿಸೋ ಯೋಜನೆ, 2018ರಲ್ಲಿ ನೀರು ಹರೀತು. ಜಲಮಂಡಳಿ, ಸಣ್ಣ ನೀರಾವರಿ ಎರಡೂ ಕೈ ಸೇರಿಸಿದ್ದಕ್ಕೇ ಆಗಿದ್ದು. ಪೈಪು, ಪಂಪು, ಲೆವೆಲ್ಲು ಗೊತ್ತಿಲ್ದೆ ಬರೀ ಪಾಲಿಸಿ ಓದಿದೋರಿಂದ ಅದು ಆಗ್ತಿರ್ಲಿಲ್ಲ.

---

ಪಿಎಚ್‌ಡಿ_ಗೋಳು

ಸರ್, ಯೋಜನೆ ಆಗಿದ್ದು ಎಂಜಿನಿಯರ್‌ಗಳಿಂದಾನೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಎರಡನೇ ಹಂತದ ಸಂಸ್ಕರಣೆ ಸಾಕಾ, ಮೂರನೇ ಹಂತಾನೂ ಬೇಕಾ ಅಂತ ಕೋಲಾರದ ರೈತರು ಕೇಳ್ತಾನೇ ಇದಾರಲ್ಲ, ಕೇಸು ಹೈಕೋರ್ಟಿಂದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತಲ್ಲ. ಬತ್ತಿದ ಬೋರ್‌ವೆಲ್‌ಗೆ ನೀರು ಬಂತು ಅನ್ನೋ ಖುಷಿ ಒಂದ್ ಕಡೆ, ಬೆಂಗಳೂರಿನವ್ರು ಬಳಸಿ ಬಿಟ್ಟ ನೀರು ನಮ್ಮ ಅಂತರ್ಜಲಕ್ಕೆ ಯಾಕೆ ಅನ್ನೋ ಆತಂಕ ಇನ್ನೊಂದ್ ಕಡೆ. ಎಷ್ಟರ ಮಟ್ಟಿಗೆ ಶುದ್ಧ ಮಾಡಿದ್ರೆ ಸಾಕು ಅಂತ ಯಾರು ಯಾರನ್ನ ಕೇಳಿ ತೀರ್ಮಾನ ಮಾಡಿದ್ರು ಅನ್ನೋದನ್ನ ಪಂಪಿನ ಕೆಪ್ಯಾಸಿಟಿ ಹೇಳಲ್ಲ ಸರ್.

---

ಕರಿಕೋಟು_ಸಿಟಿ_ಸಿವಿಲ್

ನಾನು ವಕೀಲ, ಪರಿಸರದ ಕೇಸು ಆಗಾಗ ಬರತ್ತೆ. ಕಾನೂನು ಕಡೆಯಿಂದ ಒಂದೆರಡು ಹೇಳ್ತೀನಿ, ಯಾಕಂದ್ರೆ ಈ ಕೋರ್ಸಿಗೆ ಹೋಗೋ ಎಂಜಿನಿಯರ್‌ಗಳು ಇಲ್ಲೇ ಎಡವೋದು.

2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆ ಸುತ್ತ 75 ಮೀಟರ್, ಪ್ರೈಮರಿ ರಾಜಕಾಲುವೆಗೆ 50, ಸೆಕೆಂಡರಿಗೆ 35, ತೃತೀಯ ಹಂತದ್ದಕ್ಕೆ 25 ಮೀಟರ್ ಬಫರ್, ಅಂದ್ರೆ ಏನೂ ಕಟ್ಟದ ಖಾಲಿ ಜಾಗ, ಬಿಡ್ಬೇಕು ಅಂತ ಆರ್ಡರ್ ಮಾಡ್ತು. ಮಾಸ್ಟರ್ ಪ್ಲಾನಲ್ಲಿ ಕೆರೆಗೆ ಇದ್ದಿದ್ದು 30 ಮೀಟರ್. ಪರಿಸರದೋರು ಖುಷಿ ಪಟ್ರು, ಬಿಲ್ಡರ್‌ಗಳು ಸುಪ್ರೀಂ ಕೋರ್ಟಿಗೆ ಓಡಿದ್ರು, 2019ರ ಮಾರ್ಚಲ್ಲಿ ಆ ಬಫರ್ ಆದೇಶ ರದ್ದಾಯ್ತು. 75 ಮೀಟರ್ ಬೇಕೋ ಬೇಡವೋ ಅಂತ ತೂಗಿ ರದ್ದು ಮಾಡಿದ್ದಲ್ಲ ಅದು. ಕಾಯ್ದೆ ಪ್ರಕಾರ ಆಗಿರೋ ಮಾಸ್ಟರ್ ಪ್ಲಾನ್‌ನ ನಿಯಮ ಬದಲಾಯಿಸೋ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅನ್ನೋದು ಕಾರಣ. ಇಕಾಲಜಿ ಎಷ್ಟೇ ಗಟ್ಟಿ ಇರ್ಲಿ, ಆರ್ಡರ್ ಮಾಡೋ ಅಧಿಕಾರ ಯಾರಿಗಿದೆ ಅನ್ನೋದ್ರಲ್ಲಿ ಕೇಸು ಬಿದ್ದೋಗತ್ತೆ.

ಇನ್ನೊಂದು ಮಜಾ ನೋಡಿ. 2017ರ ಜೌಗುಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ್ದು ಜೌಗುಪ್ರದೇಶ ಅಲ್ಲ ಅಂತಿದೆ, ಕುಡಿಯೋ ನೀರಿಗೆ ಕಟ್ಟಿದ್ದೂ ಅಷ್ಟೇ. ನಮ್ ಬೆಂಗಳೂರಿನ ಕೆರೆ ಎಲ್ಲ ಏರಿ ಹಾಕಿ ಕಟ್ಟಿದ್ದು ತಾನೇ? ಈಗ ಅವುಗಳ ಕೆಳಗೆ ಅಚ್ಚುಕಟ್ಟೂ ಇಲ್ಲ, ಗದ್ದೆ ಇದ್ದ ಕಡೆ ಲೇಔಟ್ ಆಗಿದೆ, ಹಕ್ಕಿ ಬಂದು ಕೂರತ್ತೆ, ಆದ್ರೂ ಆ ಒಂದು ಸಾಲಿನ ಮೇಲೆ ವಾದ ನಿಂತ್ಕೊಳತ್ತೆ. ಹಾಗೇ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು, ಆದ್ರೆ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ. ಪಕ್ಕದಲ್ಲಿ ಮೂವತ್ತು ಮಹಡಿ ಎದ್ರೂ ನಿಮ್ಮನ್ನ ಯಾರೂ ಕರೆದು ಕೇಳ್ಬೇಕಾಗಿಲ್ಲ. 2024ರ ಏಪ್ರಿಲ್‌ನಿಂದ ಪರಿಸರ ಸಂರಕ್ಷಣಾ ಕಾಯ್ದೇಲಿ ಬಹುಪಾಲು ಜೈಲು ಶಿಕ್ಷೆ ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಅಂತ ಮಾಡಿದಾರೆ. ಕೋಟಿಗಟ್ಟಲೆ ಪ್ರಾಜೆಕ್ಟ್ ಮಾಡೋನಿಗೆ 15 ಲಕ್ಷ ಯಾವ ಲೆಕ್ಕ? ಅಥವಾ ವರ್ಷಗಟ್ಟಲೆ ನಡೆದು ಖುಲಾಸೆ ಆಗೋ ಕ್ರಿಮಿನಲ್ ಕೇಸಿಗಿಂತ ತಕ್ಷಣ ಕಟ್ಟಿಸೋ ದಂಡಾನೇ ವಾಸಿನಾ? ನನಗೆ ಮೊದಲನೇದೇ ಸರಿ ಅನ್ಸತ್ತೆ, ನನ್ ಜೂನಿಯರ್ ಒಪ್ಪಲ್ಲ.

ಕೋರ್ಸ್ ಸೇರೋಕೆ ಮುಂಚೆ ಬೆಳ್ಳಂದೂರು ಕೆರೆ ಬಗ್ಗೆ 2018ರ ಡಿಸೆಂಬರಲ್ಲಿ ಬಂದ ಹಸಿರು ನ್ಯಾಯಮಂಡಳಿ ಆದೇಶ ಪೂರ್ತಿ ಓದಿ. 2017ರ ಫೆಬ್ರವರೀಲಿ ಕೆರೆಗೆ ಬೆಂಕಿ ಬಿತ್ತು, 2018ರ ಜನವರೀಲಿ ಮತ್ತೆ ಬಿದ್ದಾಗ ಆರ್ಸೋಕೆ ಸೈನಿಕರೇ ಬರ್ಬೇಕಾಯ್ತು. ಆ ಆದೇಶದಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿ, 500 ಕೋಟಿನ ಈ ಕೆಲಸಕ್ಕೇ ಮೀಸಲಾದ ಎಸ್ಕ್ರೋ ಅಕೌಂಟಲ್ಲಿ ಇಡಿ ಅಂದು, ಮೇಲ್ವಿಚಾರಣೆಗೆ ಜಸ್ಟಿಸ್ ಸಂತೋಷ್ ಹೆಗ್ಡೆ ನೇತೃತ್ವದಲ್ಲಿ ಸಮಿತಿ ಮಾಡಿದ್ರು. ಓದ್ತಾ ಓದ್ತಾ ಬೋರ್ ಹೊಡೆದ್ರೆ ಈ ಸಬ್ಜೆಕ್ಟ್ ನಿಮಗಲ್ಲ. ಪುಟ ತಿರುಗಿಸ್ತಾ ಸಿಟ್ಟು ಬಂದು ಮಾರ್ಜಿನಲ್ಲಿ ಬರೆಯೋಕೆ ಶುರು ಮಾಡಿದ್ರೆ ಅರ್ಜಿ ಹಾಕಿ.

---

ಬ್ಲ್ಯಾಕ್‌ಫಾರೆಸ್ಟ್_ಬಸವನಗುಡಿ

ಫ್ರೈಬುರ್ಗಲ್ಲಿ ಆ ಕೋರ್ಸ್ ಮಾಡಿರೋಳು ನಾನು, ದುಡ್ಡಿನ ವಿಷಯ ನಾನ್ ಹೇಳ್ತೀನಿ. ಜರ್ಮನೀಲಿ ಫೀಸೇ ಇಲ್ಲ ಅಂತ ಏಜೆಂಟ್‌ಗಳು ಹೇಳೋದು ಈ ಊರಿಗೆ ಅನ್ವಯಿಸಲ್ಲ. ಫ್ರೈಬುರ್ಗ್ ಇರೋದು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಅಲ್ಲಿ 2017ರಿಂದ ಯೂರೋಪಿಯನ್ ಯೂನಿಯನ್ ಹೊರಗಿನೋರಿಗೆ ಸೆಮಿಸ್ಟರಿಗೆ 1,500 ಯೂರೋ. ನಾಲ್ಕು ಸೆಮಿಸ್ಟರ್ ಅಂದ್ರೆ 6,000. ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ ಒಂದು ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಅದು ನಿಮ್ದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬಿಡ್ತಾರೆ, ಆದ್ರೆ ಒಂದೇ ಸಲ ಹೊಂದಿಸ್ಬೇಕಲ್ಲ. ಅದಕ್ಕಿಂತ ಮುಂಚೆ ಎಪಿಎಸ್ ಸರ್ಟಿಫಿಕೇಟ್ (ನಿಮ್ ಡಿಗ್ರಿ, ಮಾರ್ಕ್ಸ್‌ಕಾರ್ಡ್ ಅಸಲಿ ಅಂತ ಪರಿಶೀಲಿಸಿ ಕೊಡೋದು) ಮಾಡಿಸ್ಕೊಳ್ಳಿ, 2022ರ ನವೆಂಬರಿಂದ ಭಾರತದೋರಿಗೆ ಕಡ್ಡಾಯ, ಕೊನೇ ನಿಮಿಷಕ್ಕೆ ಇಟ್ಕೋಬೇಡಿ.

ಜರ್ಮನಿಯ ಡಾಡ್ (DAAD) ಸಂಸ್ಥೆಯ ಎಪೋಸ್ ಸ್ಕಾಲರ್‌ಶಿಪ್‌ಗೆ ಕನಿಷ್ಠ ಎರಡು ವರ್ಷ ಕೆಲಸದ ಅನುಭವ ಕೇಳ್ತಾರೆ, ನಿಮಗಿದೆ, ಡಿಗ್ರಿ ಮುಗ್ಸಿ ಆರು ವರ್ಷ ದಾಟಿರಬಾರದು, ಅದೂ ಸರಿ ಹೋಗತ್ತೆ. ಅವ್ರ ಪಟ್ಟೀಲಿರೋ ಕೋರ್ಸ್‌ಗಳಿಗೆ ಮಾತ್ರ ಸಿಗೋದು, ಪಟ್ಟಿ ಆ ವರ್ಷದ್ದೇ ನೋಡಿ. ಇಂಗ್ಲೆಂಡ್ ಆದ್ರೆ ಅಲ್ಲಿನ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೂ ಎರಡು ವರ್ಷದ ಅನುಭವ ಬೇಕು, ಆಕ್ಸ್‌ಫರ್ಡಲ್ಲಿ ಇದೇ ವಿಷಯದ ಒಂದು ವರ್ಷದ ಎಂಎಸ್ಸಿ ಇದೆ. ಪರಿಶಿಷ್ಟ ಜಾತಿಯವರಾಗಿದ್ರೆ ಸಮಾಜ ಕಲ್ಯಾಣ ಇಲಾಖೆಯ ವಿದೇಶದ ಓದಿಗೆ ಕೊಡೋ ಪ್ರಬುದ್ಧ ಸ್ಕೀಮ್ ವಿಚಾರಿಸಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಓದಿನ ಬಗ್ಗೆ. ಕ್ಲಾಸಲ್ಲಿ ಘಾನಾದೋರು, ಕೊಲಂಬಿಯಾದೋರು, ಇಂಡೋನೇಷ್ಯಾದೋರು ಇರ್ತಾರೆ, ಅವ್ರ ಕಾಡು, ಗಣಿ, ನದಿ ಕಥೆ ಕೇಳ್ತಾ ನಮ್ ಕುದುರೆಮುಖ, ಬಳ್ಳಾರಿ ನೆನಪಾಗತ್ತೆ, ಪಠ್ಯಕ್ಕಿಂತ ಜಾಸ್ತಿ ಕಲಿತಿದ್ದು ಅಲ್ಲೇ. ಒಂದು ಕೊರತೆ ಅಂದ್ರೆ ನೀರಿನ ಕಾನೂನು, ಪಂಚಾಯ್ತಿ, ಅರಣ್ಯ ಹಕ್ಕು ಕಾಯ್ದೆ ಇದೆಲ್ಲ ಅಲ್ಲಿ ಯಾರೂ ಹೇಳ್ಕೊಡಲ್ಲ, ವಾಪಸ್ ಬಂದು ನಾನೇ ಕೂತು ಓದ್ಬೇಕಾಯ್ತು. ವಾಪಸ್ ಬಂದು ಬೆಂಗಳೂರಲ್ಲೇ ಕೆಲಸ ಮಾಡೋ ಆಸೆ ಇದ್ರೆ ಲಾ ಸ್ಕೂಲೋ ಸರ್ಜಾಪುರಾನೋ ಸಾಕು ಅಂತ ನಾನೇ ಹೇಳ್ತೀನಿ. ಆ ಊರು ಮಾತ್ರ ಚೆನ್ನಾಗಿದೆ, ರಸ್ತೆ ಪಕ್ಕ ಸಣ್ಣ ಕಾಲುವೇಲಿ ಶುದ್ಧ ನೀರು ಹರೀತಿರತ್ತೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

---

ಗ್ರೀನ್_ಎಕ್ಸೆಲ್

ಕೆಲಸದ ವಿಷಯ ಯಾರೂ ನೇರ ಹೇಳ್ತಿಲ್ಲ ಅಂತ ಬರೀತಿದೀನಿ. ಷೇರುಪೇಟೇಲಿರೋ ಟಾಪ್ 1,000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನೋ ಪರಿಸರ-ಸಾಮಾಜಿಕ ಜವಾಬ್ದಾರಿ ರಿಪೋರ್ಟ್ ಕೊಡ್ಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ನೀರೆಷ್ಟು ಬಳಸಿದ್ರಿ, ಕಸ ಎಲ್ಲಿ ಹೋಯ್ತು, ಹೊಗೆ ಎಷ್ಟು, ಎಲ್ಲ ಬರೀಬೇಕು. ಔಟರ್ ರಿಂಗ್ ರೋಡ್ ಕಂಪನಿಗಳಲ್ಲಿ ಈ ಕೆಲಸ ಇದೆ, ಸಂಬಳಾನೂ ಇದೆ. ಎಸ್‌ಟಿಪಿ ಗೊತ್ತಿರೋ ಸಿವಿಲ್ ಎಂಜಿನಿಯರ್ ಅಂದ್ರೆ ಇನ್ನೂ ಒಳ್ಳೇದು, ನಮ್ ಟೀಮಲ್ಲಿ ಲೀಟರ್ರಿಗೂ ಕಿಲೋಲೀಟರ್ರಿಗೂ ವ್ಯತ್ಯಾಸ ಗೊತ್ತಿಲ್ದೆ ಎಕ್ಸೆಲ್ ತುಂಬೋರು ಇದಾರೆ. ಎನ್‌ಜಿಓ, ಥಿಂಕ್ ಟ್ಯಾಂಕ್ ಆದ್ರೆ ಫಂಡಿಂಗ್ ಇರೋವರೆಗೆ ಕಾಂಟ್ರ್ಯಾಕ್ಟು, ಐಟಿ ಫ್ರೆಂಡ್ಸ್ ಜೊತೆ ಸಂಬಳ ಹೋಲಿಸ್ಕೊಂಡ್ರೆ ನಿದ್ದೆ ಬರಲ್ಲ.

---

ಪಿಎಚ್‌ಡಿ_ಗೋಳು

ಬಿಆರ್‌ಎಸ್‌ಆರ್ ಕೆಲಸ ಗೌರವದ ಕೆಲಸಾನೇ ಗುರು, ಆದ್ರೆ ಕಂಪನಿ ತಾನೇ ಬರೆದ ರಿಪೋರ್ಟ್‌ನ ತಾನೇ ಓದ್ಕೊಳ್ಳೋದು ಪ್ರಶ್ನೆ ಕೇಳಿದೋರು ಬಿಟ್ಟು ಬರ್ತೀನಿ ಅಂತಿರೋ ಲಾಗ್‌ಬುಕ್ಕಿಗೆ ಸ್ವಲ್ಪ ಹತ್ರಾನೇ ಇದೆ 😀

---

ಗ್ರೀನ್_ಎಕ್ಸೆಲ್

ಇರಬಹುದು. ಆದ್ರೆ ಆ ರಿಪೋರ್ಟ್ ಪಬ್ಲಿಕ್ ಆಗತ್ತೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಿ ಪ್ರಶ್ನೆ ಕೇಳಬಹುದು. ಎಸ್‌ಟಿಪಿ ಲಾಗ್‌ಬುಕ್ ಯಾರಿಗೆ ತೋರಿಸ್ತಾರೆ ಹೇಳಿ?

---

ಸಿವಿಲ್_ಹುಡುಗಿ_ಯಲಹಂಕ

ಅಬ್ಬಾ ಇಷ್ಟು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ವಕೀಲರು ಹೇಳಿದ ಆದೇಶ ಡೌನ್‌ಲೋಡ್ ಮಾಡಿ ಓದೋಕೆ ಕೂತಿದೀನಿ, ಅರ್ಧ ಆಗಿದೆ, ಮಾರ್ಜಿನ್ ಆಗ್ಲೇ ತುಂಬಿದೆ. ಸದ್ಯಕ್ಕೆ ಲಾ ಸ್ಕೂಲಿಗೂ ಸರ್ಜಾಪುರಕ್ಕೂ ಅರ್ಜಿ ಹಾಕ್ತೀನಿ, ಫ್ರೈಬುರ್ಗ್ ಸ್ಕಾಲರ್‌ಶಿಪ್ ಸಿಕ್ಕಿದ್ರೆ ಮಾತ್ರ. ಎಂಜಿನಿಯರ್ ಅಂಕಲ್, ಮಂಡಳಿ ಪರೀಕ್ಷೆ ಕರೆದ್ರೆ ಅದನ್ನೂ ಬರೀತೀನಿ, ಅಪ್ಪಂಗೆ ನಿಮ್ ಕಾಮೆಂಟ್ ಓದಿ ಹೇಳಿದ್ದಕ್ಕೆ ಫುಲ್ ಖುಷ್.

---

ಚಳ್ಳಕೆರೆ_ಹುಡುಗ

ಅಕ್ಕ, ನಿಮ್ ಥ್ರೆಡ್ಡಲ್ಲಿ ನಂದೊಂದು ಪ್ರಶ್ನೆ ಕೇಳ್ತಿದೀನಿ ಬೇಜಾರ್ ಮಾಡ್ಕೋಬೇಡಿ. ನಾನು ಬಿಎ, ಪೂರ್ತಿ ಕನ್ನಡ ಮೀಡಿಯಂ, ಈಗ ಬೆಂಗಳೂರಲ್ಲಿ ಡೆಲಿವರಿ ಕೆಲಸ. ಈ ಥರ ಕೋರ್ಸಿಗೆ ನಮ್ಮಂಥೋರು ಹೋಗಬಹುದಾ ಇಲ್ಲ ಇಂಗ್ಲಿಷ್ ಬರೋರಿಗಷ್ಟೇನಾ?

---

ಕರಿಕೋಟು_ಸಿಟಿ_ಸಿವಿಲ್

ಖಂಡಿತ ಹೋಗಬಹುದು ತಮ್ಮ. ಗಣಿ, ಫ್ಯಾಕ್ಟರಿ ಬಂದಾಗ ನಡೆಯೋ ಸಾರ್ವಜನಿಕ ಅಹವಾಲು ಸಭೆ ನೋಡಿದ್ಯಾ? ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದೋರು ಕೂತಿರ್ತಾರೆ, ಮೂವತ್ತು ದಿನ ಮುಂಚೆ ಪೇಪರಲ್ಲಿ ನೋಟಿಸ್ ಕೊಟ್ಟಿರಬೇಕು, ಎಲ್ಲ ವಿಡಿಯೋ ಆಗತ್ತೆ, ಕೊನೇಲಿ ನಡಾವಳಿಯನ್ನ ಜನಕ್ಕೆ ಅರ್ಥ ಆಗೋ ಭಾಷೇಲಿ ಓದಿ ಹೇಳ್ಬೇಕು ಅಂತ ಅಧಿಸೂಚನೆಯಲ್ಲೇ ಇದೆ. ಆದ್ರೆ ಇಐಎ ವರದಿ ದಪ್ಪ ಪುಸ್ತಕ ಇಂಗ್ಲಿಷಲ್ಲಿ, ಕನ್ನಡದಲ್ಲಿ ಕೈಗೆ ಸಿಗೋದು ಸಾರಾಂಶ ಅಷ್ಟೇ. ಊರಿನೋರು ಬೋರ್‌ವೆಲ್ ಬಗ್ಗೆ, ಧೂಳು ಬಗ್ಗೆ, ಕುರಿ ಮೇಯಿಸೋ ಗೋಮಾಳದ ಬಗ್ಗೆ ಕೇಳ್ತಿರ್ತಾರೆ, ಅದನ್ನ ಸರಿಯಾಗಿ ಗುರುತು ಹಾಕ್ಕೊಂಡು, ವರದಿಯ ಯಾವ ಪುಟದಲ್ಲಿ ಇದಕ್ಕೆ ಉತ್ತರ ಇಲ್ಲ ಅಂತ ತೋರಿಸೋರು ಬೇಕು. ನಿಮ್ ಕಡೆ ಅಮೃತಮಹಲ್ ಕಾವಲ್ (ದನ ಮೇಯೋಕೆ ಬಿಟ್ಟ ಹುಲ್ಲುಗಾವಲು) ಜಾಗಗಳ ವಿಷಯ ನಿನಗೇ ನಮಗಿಂತ ಚೆನ್ನಾಗಿ ಗೊತ್ತಿರತ್ತೆ.

---

ಪಿಎಚ್‌ಡಿ_ಗೋಳು

ತಮ್ಮ, ಸರ್ಜಾಪುರದಲ್ಲಿ ಮನೆ ಆದಾಯ ನೋಡಿ ಫೀಸು, ಹಾಸ್ಟೆಲ್ ಎರಡಕ್ಕೂ ಸ್ಕಾಲರ್‌ಶಿಪ್ ಕೊಡ್ತಾರೆ, ಇಂಗ್ಲಿಷ್ ಕಷ್ಟ ಇರೋ ಮಕ್ಕಳಿಗೆ ಸಹಾಯಾನೂ ಇರತ್ತೆ. ಮೊದಲ ಸೆಮಿಸ್ಟರ್ ರೀಡಿಂಗ್ ಜಾಸ್ತಿ ಅನ್ಸತ್ತೆ, ಹೆದರ್ಕೋಬೇಡ. ಆದಾಯ ಪ್ರಮಾಣಪತ್ರ ನಾಡಕಚೇರೀಲಿ ಈಗ್ಲೇ ಮಾಡಿಸಿ ಇಟ್ಕೋ, ಅರ್ಜಿ ಟೈಮಲ್ಲಿ ಓಡಾಡೋದು ತಪ್ಪತ್ತೆ. ಎಂಟ್ರೆನ್ಸಿಗೆ ಬೇಕಾದ್ರೆ ಮೆಸೇಜ್ ಮಾಡು, ನನ್ ಹತ್ರ ಹಳೇ ನೋಟ್ಸ್ ಇದೆ.